ಹದಿಮೂರನೆಯ ಕಲಮು

ಪಾರ್ಲಿಮೆಂಟು ಎಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಹತ್ತಾರು ಮಂದಿ ಎದ್ದು ನಿಂತಿರುತ್ತಾರೆ. ಎಲ್ಲರೂ ಒಟ್ಟಿಗೆ ಮಾತನಾಡುತ್ತಿರುತ್ತಾರೆ. ಎತ್ತರದ ಪೀಠದಲ್ಲಿರುವ ಸಭಾಧ್ಯಕ್ಷರು ಕುಳಿತುಕೊಳ್ಳಿರೆಂದು ಬೇಡುತ್ತಿರುತ್ತಾರೆ. ಟೆಲಿವಿಷನ್ ತೋರಿಸುವುದೂ ಹೆಚ್ಚಾಗಿ ಇದನ್ನೇ. ನೋಡಿದವರು ಸಂತೆ ಎಂದು ನಗುತ್ತಾರೆ. ಸಂತೆಯಲ್ಲಾದರೂ ಸಂಜೆಯ ಹೊತ್ತಿಗೆ ಒಂದಷ್ಟು ಸೊಪ್ಪು, ಮೆಣಸಿನಕಾಯಿ ಕೈ ಬದಲಾಗಿರುತ್ತದೆ. ಅಲ್ಲಿ ಸಂಜೆಯ ಹೊತ್ತಿಗೆ ಆದದ್ದೇನು ಎಂದು ಯಾರಾದರೂ ಕೇಳಿದರೆ, ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ಓದುವ ನಮ್ಮಂಥವರೂ ಪಠ್ಯಪುಸ್ತಕದ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತೇವೆ.

ಆದ್ದರಿಂದ ಒಂದು ದಿನದ ಕಲಾಪವನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಿ ನೋಡಬೇಕೆಂಬ ಆಸೆ ನನಗೆ ಹುಟ್ಟಿತು. ಲೋಕಸಭೆಯಲ್ಲಿ ಆಡಿದ ಮಾತೆಲ್ಲ ವರದಿಯಾಗಿ ಸಿಕ್ಕುತ್ತದೆ. ನಾನು ಆರಿಸಿಕೊಂಡದ್ದು 2013ನೆಯ ಇಸವಿ ಆಗಸ್ಟ್ 26, ಸೋಮವಾರ. ರಾಷ್ಟ್ರೀಯ ಆಹಾರ ಭದ್ರತಾ ಮಸೂದೆಯನ್ನು ಲೋಕಸಭೆ ಅಂಗೀಕರಿಸಿದ ದಿನ ಅದು. ಸಾವಿರಾರು ದಿನಗಳಲ್ಲಿ ಇದೊಂದೇ ಏಕೆ ಎಂದರೆ, ಅದಕ್ಕೆ ಕಾರಣ ನಮ್ಮ ಮನೆಯ ರೇಷನ್ ಕಾರ್ಡು.

ನಮ್ಮ ಅಜ್ಜಿಯ ಹೆಸರಿನಲ್ಲಿ ಈ ಲೋಕದಲ್ಲಿ ಏನೂ ಇರಲಿಲ್ಲ. ಮುಕ್ಕಾಲು ಎಕರೆ ಹೊಲ ತಾತನ ಹೆಸರಿನಿಂದ ಅಪ್ಪನ ಹೆಸರಿಗೆ ಬಂತು. ಮನೆಯ ಕಂದಾಯ ಅಪ್ಪನ ಹೆಸರಿನಲ್ಲಿದೆ. ಊರಿನವರಿಗೆ ಆಕೆ ಇಂಥವರ ಹೆಂಡತಿ, ಆಮೇಲೆ ಇಂಥವನ ತಾಯಿ. ಇಂತಿರಲು ರೇಷನ್ ಕಾರ್ಡಿನಲ್ಲಿ ಮಾತ್ರ ಕುಟುಂಬದ ಮುಖ್ಯಸ್ಥರು ಎಂಬಲ್ಲಿ ಅಜ್ಜಿಯ ಹೆಸರು. ಕೆಳಗೆ ಮಗ, ಸೊಸೆ, ಮೊಮ್ಮಕ್ಕಳು. ಇದು ಯಾರೋ ಗುಮಾಸ್ತರ ಕೈತಪ್ಪು ಎಂದೇ ಬಹಳ ಕಾಲ ನಮ್ಮ ಮನೆಯಲ್ಲಿ ತಮಾಷೆ ನಡೆದಿತ್ತು. ‘ಯಜಮಾನಮ್ಮ’ ಎಂದು ಅಪ್ಪ ಕರೆದರೆ ಅಜ್ಜಿ, ‘ಹೂ ಕಣಪ್ಪ, ಮೊದ್ಲು ಕೂಲಿ ದುಡ್ಡು ತಂದು ನನ್ ಕೈಲಿ ಮಡಗು’ ಎನ್ನುವಳು. ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿ ನಮ್ಮ ಅಧ್ಯಾಪಕರು ಈ ಕಾಯಿದೆಯ ಪಾಠ ಮಾಡುತ್ತ ಹದಿಮೂರನೆಯ ಕಲಮನ್ನು ಓದಿದಾಗ ಅದು ಕೈತಪ್ಪಲ್ಲ, ಕಾನೂನು ಎಂದು ತಿಳಿಯಿತು. ಹದಿನೆಂಟು ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಾದವಳೇ ಪಡಿತರ ಚೀಟಿಯ ಮಟ್ಟಿಗೆ ಮನೆಯ ಯಜಮಾನಿ ಎಂದು ಆ ಕಲಮು ಹೇಳುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮನೆಯಲ್ಲಿ ಅಷ್ಟು ವಯಸ್ಸಿನ ಹೆಂಗಸಿಲ್ಲದೆ ಚಿಕ್ಕ ಹುಡುಗಿ ಮಾತ್ರ ಇದ್ದರೆ, ಹಿರಿಯ ಗಂಡಸು ತಾತ್ಕಾಲಿಕವಾಗಿ ಮುಖ್ಯಸ್ಥನಾಗಿರಬಹುದು, ಹುಡುಗಿಗೆ ಹದಿನೆಂಟು ತುಂಬಿದ ದಿನ ಆತ ಜಾಗ ಬಿಡತಕ್ಕದ್ದು. ನಮ್ಮ ಊರಿನ ಯಾವ ಪಂಚಾಯಿತಿಯೂ ತಾನಾಗಿ ಇಂಥ ತೀರ್ಪು ಕೊಟ್ಟದ್ದನ್ನು ನಾನು ಕೇಳಿಲ್ಲ.

ಈಗ ಆ ದಿನಕ್ಕೆ ಬರೋಣ. ಲೋಕಸಭೆಯ ದಿನಚರಿ ಸಾಧಾರಣವಾಗಿ ಹನ್ನೊಂದು ಗಂಟೆಗೆ ಪ್ರಾರಂಭ. ಮೊದಲ ಒಂದು ಗಂಟೆ ಪ್ರಶ್ನೋತ್ತರ. ದಿನಕ್ಕೆ 20 ಪ್ರಶ್ನೆಗಳಿಗೆ ನಕ್ಷತ್ರದ ಗುರುತು. ಅವುಗಳಿಗೆ ಮಂತ್ರಿಗಳು ಬಾಯಿಯಲ್ಲೇ ಉತ್ತರ ಕೊಡಬೇಕು, ಮೇಲುಪ್ರಶ್ನೆಯನ್ನೂ ಎದುರಿಸಬೇಕು. ಇನ್ನು 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಸಾಕು. ಹನ್ನೆರಡರ ಮೇಲೆ ಕಾಗದಪತ್ರಗಳನ್ನು ಸಭೆಯ ಮುಂದಿಡುವುದು, ಆಮೇಲೆ ಶೂನ್ಯವೇಳೆ. ಈ ಶೂನ್ಯವೇಳೆ ಎಂಬುದು ನಿಯಮಾವಳಿಯಲ್ಲಿ ಇಲ್ಲದೆ ಬಳಕೆಯಿಂದ ಬೆಳೆದುಬಂದದ್ದು. ಮನೆಯ ನಕ್ಷೆಯಲ್ಲಿಲ್ಲದ ಹಿತ್ತಿಲ ಬಾಗಿಲಿನ ಹಾಗೆ, ಎಲ್ಲರೂ ಓಡಾಡುವುದು ಅದರಲ್ಲೇ. ಶಾಸನ ರಚನೆಯ ಕೆಲಸ ಇದೆಲ್ಲ ಆದ ಮೇಲೆ. ಟೆಲಿವಿಷನ್ ನೋಡುವವರು ಎದ್ದು ಹೋಗುವ ಹೊತ್ತು ಅದು.

2013ರ ಆ ಅಧಿವೇಶನ ಆಗಸ್ಟ್ 5ರಂದು ಸೇರಿತ್ತು. ತೆಲಂಗಾಣದ ವಿಚಾರ, ಕಲ್ಲಿದ್ದಲ ಕಡತಗಳ ವಿಚಾರ ಇವುಗಳಿಂದ ಹಲವು ದಿನ ಸಭೆ ಸರಿಯಾಗಿ ನಡೆದೇ ಇರಲಿಲ್ಲ. ಇತ್ತ ಸರ್ಕಾರಕ್ಕೆ ಅವಸರವಿತ್ತು. ಆಹಾರ ಭದ್ರತೆಯನ್ನು ಜುಲೈ 5ರಂದೇ ಸುಗ್ರೀವಾಜ್ಞೆಯ ಮೂಲಕ ಜಾರಿಗೆ ತಂದಿದ್ದರು. ಸಂವಿಧಾನದ 123ನೆಯ ಅನುಚ್ಛೇದದಂತೆ, ಪಾರ್ಲಿಮೆಂಟು ಮತ್ತೆ ಸೇರಿದ ಆರು ವಾರಗಳೊಳಗೆ ಕಾಯಿದೆಯಾಗದಿದ್ದರೆ ಸುಗ್ರೀವಾಜ್ಞೆ ಬಿದ್ದುಹೋಗುತ್ತದೆ. ಇದರ ಹಿಂದಿನ ಕತೆ ಉದ್ದವಾದದ್ದು. 2001ರಲ್ಲಿ ಸರ್ಕಾರದ ಉಗ್ರಾಣಗಳಲ್ಲಿ ಧಾನ್ಯ ತುಂಬಿರುವಾಗ ಜನ ಹಸಿದಿರುವುದೇಕೆ ಎಂದು ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಬಿತ್ತು. ಅದೇ ವರ್ಷ ನವೆಂಬರಿನಲ್ಲಿ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂಬ ಆಜ್ಞೆಯಾಯಿತು. ನಾನು ಏಳನೆಯ ತರಗತಿಯವರೆಗೆ ಉಂಡ ಅನ್ನ ಆ ಆಜ್ಞೆಯ ವಂಶದ್ದು. 2011ರ ಡಿಸೆಂಬರಿನಲ್ಲಿ ಮೊದಲ ಮಸೂದೆ ಬಂತು. ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸಿ 2013ರ ಜನವರಿಯಲ್ಲಿ ವರದಿ ಕೊಟ್ಟಿತು. ಹನ್ನೆರಡು ವರ್ಷ ನಡೆದು ಬಂದ ವಿಷಯ ಒಂದು ಸೋಮವಾರ ಸಭೆಯ ಮೆಟ್ಟಿಲು ಹತ್ತಿತು.

ಮಸೂದೆಯನ್ನು ಮಂಡಿಸಿದವರು ಆಹಾರ ಸಚಿವ ಕೆ.ವಿ. ಥಾಮಸ್. ಸಭಾಧ್ಯಕ್ಷೆ ಮೀರಾ ಕುಮಾರ್. ಸುಗ್ರೀವಾಜ್ಞೆಯನ್ನು ಒಪ್ಪುವುದಿಲ್ಲವೆಂಬ ನಿರ್ಣಯ, ಅದರ ಜಾಗಕ್ಕೆ ಬಂದ ಮಸೂದೆ, ಎರಡನ್ನೂ ಕೂಡಿಸಿ ಸುಮಾರು ಒಂಬತ್ತು ಗಂಟೆ ಚರ್ಚೆಯಾಯಿತು. ಗ್ರಾಮಾಂತರದ ನೂರಕ್ಕೆ 75, ಪಟ್ಟಣದ ನೂರಕ್ಕೆ 50 ಜನರಿಗೆ, ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ಅಕ್ಕಿಗೆ ಕಿಲೋಗೆ 3 ರೂಪಾಯಿ, ಗೋಧಿಗೆ 2, ರಾಗಿ ಜೋಳದಂಥವಕ್ಕೆ 1. ಲೆಕ್ಕ ಹಾಕಿದರೆ ದೇಶದ ಮೂರರಲ್ಲಿ ಎರಡು ಪಾಲು ಜನ. ಕಾಂಗ್ರೆಸ್ಸಿನ ಅಧ್ಯಕ್ಷೆ ಸೋನಿಯಾ ಗಾಂಧಿಯವರು ಇದನ್ನು ಎಲ್ಲರೂ ಒಮ್ಮತದಿಂದ ಅಂಗೀಕರಿಸಬೇಕೆಂದರು. ಇದು ಹೊಟ್ಟೆಯ ಮಸೂದೆಯಲ್ಲ, ಓಟಿನ ಮಸೂದೆ ಎಂದು ವಿರೋಧ ಪಕ್ಷದ ಮುರಳಿ ಮನೋಹರ ಜೋಷಿಯವರು ಚುಚ್ಚಿದರು. ಚುನಾವಣೆಗೆ ವರ್ಷವೂ ಉಳಿದಿರಲಿಲ್ಲವಲ್ಲ. ಛತ್ತೀಸಗಢ 2012ರಲ್ಲೇ ಇದಕ್ಕಿಂತ ಒಳ್ಳೆಯ ಕಾನೂನು ಮಾಡಿಕೊಂಡಿದೆ ಎಂಬ ಮಾತು ಬಂತು. ರಾಜ್ಯಗಳ ಮೇಲೆ ಬೀಳುವ ಹೊರೆಯನ್ನು ಯಾರು ಹೊರುತ್ತಾರೆ ಎಂದು ಮುಲಾಯಂ ಸಿಂಗ್ ಯಾದವರು ಕೇಳಿದರು.

ವರದಿಯಲ್ಲಿ ಹಿಂದಿಯ ಭಾಷಣಗಳು ಹಿಂದಿಯಲ್ಲೇ, ಇಂಗ್ಲಿಷಿನವು ಇಂಗ್ಲಿಷಿನಲ್ಲೇ ಅಚ್ಚಾಗಿವೆ. ಹೈಸ್ಕೂಲಿನ ಹಿಂದಿಯನ್ನು ಊರುಗೋಲು ಮಾಡಿಕೊಂಡು ನಡೆದೆ. ಆಗ 1967ರಲ್ಲಿ ಶಿವಮೊಗ್ಗದಿಂದ ಆರಿಸಿ ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದ್ದು ನೆನಪಾಯಿತು. ಬಾರದ ಭಾಷೆಯವರು ತಾಯ್ನುಡಿಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು ಸಂವಿಧಾನದ 120ನೆಯ ಅನುಚ್ಛೇದದಲ್ಲಿದೆ. ಅಜ್ಜಿಗೆ ಅನ್ನ ಕೊಡುವ ಕಾನೂನನ್ನು ಅಜ್ಜಿಯ ಭಾಷೆಯಲ್ಲೂ ವಾದಿಸಬಹುದು ಎಂಬುದು ಸಣ್ಣ ವಿಷಯವಲ್ಲ.

ಭಾಷಣಗಳೆಲ್ಲ ಮುಗಿದ ಮೇಲಿನ ಭಾಗವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಚರ್ಚೆ ಮುಗಿಯಿತೆಂದರೆ ಮಸೂದೆ ಮುಗಿಯಿತೆಂದಲ್ಲ. ಅಲ್ಲಿಂದ ಮುಂದೆ ಕಲಮು ಕಲಮಾಗಿ ಸಭೆಯ ಒಪ್ಪಿಗೆ ಪಡೆಯಬೇಕು. ಮೊದಲು ಆ ಕಲಮಿಗೆ ಬಂದ ತಿದ್ದುಪಡಿಗಳು. ಅವನ್ನು ಸೂಚಿಸಿದವರು ಎದ್ದು ಮಂಡಿಸಬೇಕು. ಆಮೇಲೆ, ಈ ಕಲಮು ಮಸೂದೆಯ ಅಂಗವಾಗಿರಲಿ ಎಂಬ ಪ್ರಶ್ನೆ. ಒಪ್ಪುವವರು ಹೌದು ಎನ್ನಬೇಕು, ಒಪ್ಪದವರು ಇಲ್ಲ ಎನ್ನಬೇಕು. ಯಾವ ದನಿ ದೊಡ್ಡದೋ ಅದರಂತೆ ತೀರ್ಮಾನ. ಯಾರಾದರೂ ಪಟ್ಟು ಹಿಡಿದರೆ ಎಣಿಕೆ; ಅದಕ್ಕೆ ಮೊದಲು ಮೂರೂವರೆ ನಿಮಿಷ ಗಂಟೆ ಬಾರಿಸಿ ಹೊರಗಿದ್ದವರನ್ನು ಕರೆದು ಬಾಗಿಲು ಹಾಕುತ್ತಾರೆ. ಆ ರಾತ್ರಿ ವಿರೋಧ ಪಕ್ಷಗಳು ತಂದ ನೂರಾರು ತಿದ್ದುಪಡಿಗಳು ಬಿದ್ದುಹೋದವು. ಮತದಾನ ನಡೆಯುತ್ತಿರುವಾಗಲೇ ಸೋನಿಯಾ ಗಾಂಧಿಯವರು ಅಸ್ವಸ್ಥರಾಗಿ ಆಸ್ಪತ್ರೆಗೆ ಹೋಗಬೇಕಾಯಿತು. ಪತ್ರಿಕೆಗಳ ಕಣ್ಣು ಸಹಜವಾಗಿಯೇ ಅತ್ತ ಹೋಯಿತು. ಒಳಗೆ ಕಲಮುಗಳ ಕೆಲಸ ನಡೆದೇ ಇತ್ತು. ಕಡೆಗೆ ಧ್ವನಿಮತದಿಂದ ಮಸೂದೆ ಅಂಗೀಕಾರವಾಯಿತು. ರಾಜ್ಯಸಭೆ ಸೆಪ್ಟೆಂಬರ್ 2ರಂದು ಒಪ್ಪಿತು. 10ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು.

ಇಲ್ಲಿ ಒಂದು ಸ್ವಾರಸ್ಯವುಂಟು. ಮಸೂದೆಯ ಹೆಸರನ್ನು ಹೇಳುವ ಒಂದನೆಯ ಕಲಮನ್ನು ಸಭೆ ಒಪ್ಪುವುದು ಎಲ್ಲಕ್ಕಿಂತ ಕೊನೆಗೆ. ಕೈಕಾಲು, ಕಣ್ಣು ಮೂಗು ಎಲ್ಲ ಸರಿಯಾಗಿದೆಯೆಂದು ನೋಡಿದ ಮೇಲೆಯೇ ನಾಮಕರಣ. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೆ? ಆದರೆ ನಾವು ಪತ್ರಿಕೆಯಲ್ಲಿ ಓದುವುದು ಹೆಸರನ್ನು ಮಾತ್ರ. ಓಟಿಗಾಗಿ ತಂದದ್ದೋ ಹೊಟ್ಟೆಗಾಗಿ ತಂದದ್ದೋ ಎಂಬ ಜಗಳವೂ ಹೆಸರಿನ ಜಗಳವೇ. ಮನೆಯ ಯಜಮಾನಿ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೆಸರಿನಲ್ಲಿ ಅಲ್ಲ, ಒಂದು ‘ಹೌದು’ ಎಂಬ ದನಿಯಲ್ಲಿ.

ಹಾಗೆಂದು ಸಭೆ ಹೌದು ಎಂದ ಮಾತ್ರಕ್ಕೆ ಊರಿನಲ್ಲೆಲ್ಲ ಹೌದಾಗುವುದಿಲ್ಲ. ಹೋದ ವರ್ಷ ಅಪ್ಪ ಅವ್ವ ಕಾಫಿ ಕೊಯ್ಲಿಗೆಂದು ಎರಡು ತಿಂಗಳು ಮಲೆನಾಡಿನ ತೋಟಕ್ಕೆ ಹೋಗಿದ್ದರು. ನಾನು ಹಾಸ್ಟೆಲಿನಲ್ಲಿದ್ದೆ, ತಂಗಿಯೂ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ರೇಷನ್ ತರಲು ಅಜ್ಜಿಯೊಬ್ಬಳೇ. ಅಂಗಡಿಯ ಯಂತ್ರದ ಮೇಲೆ ಅಜ್ಜಿ ಹೆಬ್ಬೆಟ್ಟು ಇಟ್ಟಳು. ಯಂತ್ರ ಒಪ್ಪಲಿಲ್ಲ. ಬೆರಳು ಬದಲಾಯಿಸಿದರು, ಸೀರೆಯ ಸೆರಗಿನಲ್ಲಿ ಒರೆಸಿಕೊಂಡು ಇಟ್ಟಳು, ನೀರಿನಲ್ಲಿ ತೊಳೆದು ಇಟ್ಟಳು. ಐವತ್ತು ವರ್ಷ ಕಳೆ ಕಿತ್ತು, ರಾಗಿ ಬೀಸಿ, ಪಾತ್ರೆಗೆ ಬೂದಿ ಉಜ್ಜಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರಬೇಕು? ನಾಳೆ ಬಾ ಎಂದರು. ಮೂರು ಸಲ ಹೋಗಿ ಬಂದಳು. ತಿಂಗಳು ಮುಗಿಯಿತು, ಆ ತಿಂಗಳ ಪಡಿಯೂ ಮುಗಿಯಿತು. ಪಕ್ಕದ ಮನೆಯವರು ಎರಡು ಸೇರು ಅಕ್ಕಿ ಕೊಟ್ಟು ದಾಟಿಸಿದರು. ಅಷ್ಟು ಹೊತ್ತಿಗೆ ಈ ಧಾನ್ಯಕ್ಕೆ ಮೂರು ರೂಪಾಯಿಯನ್ನೂ ಕೊಡಬೇಕಾಗಿರಲಿಲ್ಲ. 2023ರ ಜನವರಿಯಿಂದಲೇ ಕೇಂದ್ರ ಸರ್ಕಾರ ಅದನ್ನು ಪುಕ್ಕಟೆ ಮಾಡಿತ್ತು. ಪುಕ್ಕಟೆಯ ಅಕ್ಕಿಗೆ ಬೆರಳಿನ ಗೆರೆಯೇ ಬೆಲೆಯಾಯಿತು.

ರಜೆಗೆ ಹೋದಾಗ ಇದನ್ನು ಕೇಳಿ ನನಗೆ ಸಿಟ್ಟು ಬಂತು. ಅಜ್ಜಿಗೆ ಸಿಟ್ಟಿರಲಿಲ್ಲ. ‘ಕೊಡೋರು ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ ಕಣ್ ಮಗ. ಅದ್ಕೆಲ್ಲ ಕೇಳಕ್ಕಾಯ್ತದಾ?’ ಎಂದಳು. ಆ ಮಾತೇ ನನ್ನನ್ನು ಹೆಚ್ಚು ಕಾಡಿತು. ಕೊಡುವವರು ಕೊಟ್ಟರೆ ಉಂಟು ಎಂಬುದು ದಾನದ ಭಾಷೆ. 2013ರ ಆ ಸೋಮವಾರ ಒಂಬತ್ತು ಗಂಟೆ ವಾದಿಸಿ, ನೂರಾರು ತಿದ್ದುಪಡಿಗಳ ನಡುವೆ ನುಸುಳಿ, ಇನ್ನೂರಕ್ಕೂ ಮೇಲ್ಪಟ್ಟ ಜನಪ್ರತಿನಿಧಿಗಳು ಮಾಡಿದ ಕೆಲಸವಿಷ್ಟೆ: ಆ ದಾನದ ಭಾಷೆಯನ್ನು ತೆಗೆದುಹಾಕಿ ಅಲ್ಲಿ ಹಕ್ಕಿನ ಭಾಷೆಯನ್ನು ಇಟ್ಟರು. ಸುದ್ದಿ ಮಾತ್ರ ಅಜ್ಜಿಯವರೆಗೆ ಬಂದಿರಲಿಲ್ಲ. ಅಕ್ಕಿ ಬಂದಿತ್ತು, ಕಾರ್ಡು ಬಂದಿತ್ತು. ಕೇಳಬಹುದು ಎಂಬ ತಿಳಿವಳಿಕೆ ಬಂದಿರಲಿಲ್ಲ.

ಕಾಯಿದೆಯ ಮುಂದಿನ ಪುಟಗಳನ್ನು ನಾನು ಓದಿದ್ದು ಆಗಲೇ. ಸಲ್ಲಬೇಕಾದ ಧಾನ್ಯ ಸಲ್ಲದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡತಕ್ಕದ್ದೆಂದು ಎಂಟನೆಯ ಕಲಮಿನಲ್ಲಿದೆ. ದೂರು ಕೇಳಲು ಪ್ರತಿ ಜಿಲ್ಲೆಗೆ ಒಬ್ಬ ಅಧಿಕಾರಿ ಎಂದು ಹದಿನೈದನೆಯದರಲ್ಲಿ. ಅದರ ಮೇಲೆ ರಾಜ್ಯಕ್ಕೊಂದು ಆಹಾರ ಆಯೋಗ ಎಂದು ಹದಿನಾರನೆಯದರಲ್ಲಿ. ಇವೂ ಅದೇ ದಿನ, ಅದೇ ‘ಹೌದು’ ಎಂಬ ದನಿಯಲ್ಲಿ ಅಂಗೀಕಾರವಾದವು. ಯಾರೂ ಅವುಗಳ ಬಗ್ಗೆ ಚಪ್ಪಾಳೆ ತಟ್ಟಿದಂತಿಲ್ಲ. ಸಭೆಯ ಗದ್ದಲವನ್ನು ಕಂಡು ನಗುವ ನಾವು, ಗದ್ದಲವಿಲ್ಲದ ಈ ಪುಟಗಳನ್ನು ತೆರೆಯುವುದೂ ಇಲ್ಲ. ಪಾರ್ಲಿಮೆಂಟಿನ ಒಂದು ದಿನ ದೆಹಲಿಯಲ್ಲಿ ರಾತ್ರಿ ಮುಗಿಯುತ್ತದೆ. ಅದರ ಉಳಿದ ಕೆಲಸ ಓದಬಲ್ಲವನೊಬ್ಬ ಓದಬಾರದವರಿಗೆ ಅದನ್ನು ಹೇಳುವವರೆಗೆ ಬಾಕಿ ಇರುತ್ತದೆ. ನಮ್ಮ ಕಾಲೇಜಿನಲ್ಲಿ ಮನೆಗೆ ಮೊದಲಿಗರಾಗಿ ಪದವಿಗೆ ಬಂದವರು ನಾನೊಬ್ಬನೇ ಅಲ್ಲ. ನಮ್ಮ ವಿದ್ಯೆಗೆ ಕೆಲಸ ಸಿಕ್ಕುತ್ತದೆಯೋ ಇಲ್ಲವೋ ಎಂಬ ಚಿಂತೆ ಇದ್ದದ್ದೇ. ಇಂಥದೊಂದು ಕೆಲಸವಂತೂ ಪ್ರತಿ ಮನೆಯಲ್ಲೂ ಖಾಲಿ ಇದೆ.

ಎಂಟನೆಯ ಕಲಮನ್ನು ಉಲ್ಲೇಖಿಸಿ ಒಂದು ಅರ್ಜಿ ಬರೆದೆ. ಅರ್ಜಿದಾರರು ಯಾರು ಎಂಬಲ್ಲಿ ಅಪ್ಪನ ಹೆಸರು ಹಾಕೋಣವೇ ಎಂದು ಅವ್ವ ಕೇಳಿದಳು. ಕಾರ್ಡಿನಲ್ಲಿದ್ದಂತೆಯೇ ಅಜ್ಜಿಯ ಹೆಸರು ಬರೆದು, ಕೆಳಗೆ ‘ಕುಟುಂಬದ ಮುಖ್ಯಸ್ಥೆ’ ಎಂದು ಸೇರಿಸಿ ಗಟ್ಟಿಯಾಗಿ ಓದಿ ಹೇಳಿದೆ. ಅಜ್ಜಿ ಈ ಸಲ ನಗಲಿಲ್ಲ. ಮಸಿ ಹಚ್ಚಿಕೊಂಡು ಹೆಬ್ಬೆಟ್ಟು ಒತ್ತಿದಳು. ಕಾಗದದ ಮೇಲೆ ಗುರುತು ಚೆನ್ನಾಗಿಯೇ ಮೂಡಿತು. ಅಪ್ಪ ಅವ್ವ ಮರಳಿದ ಮೇಲೆ ಪಡಿ ತಪ್ಪಿಲ್ಲ. ಆ ಒಂದು ತಿಂಗಳಿನದು ಮಾತ್ರ ಇನ್ನೂ ಬರಬೇಕಾಗಿದೆ. ವಾರಕ್ಕೊಮ್ಮೆ ಊರಿಗೆ ಫೋನು ಮಾಡಿದಾಗ ಅಜ್ಜಿ ತಾನಾಗಿಯೇ ಕೇಳುತ್ತಾಳೆ: ‘ನಮ್ ಅರ್ಜಿ ಏನಾಯ್ತು ಮಗ?’