ಅಶೋಕವೃಕ್ಷ

ವೈದ್ಯರ ಅಪ್ಪಣೆಯಂತೆ ಎರಡು ವರ್ಷಗಳಿಂದ ಪ್ರಾತಃಕಾಲದಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಮೆಲ್ಲನೆ ಓಡುತ್ತಿದ್ದೇನೆ. ಅರುವತ್ತು ವರ್ಷದವನ ಓಟವನ್ನು ಓಟವೆನ್ನಲು ವಾಚಕರು ಒಪ್ಪಲಾರರು. ನನ್ನ ಮೊಮ್ಮಗನೂ ಒಪ್ಪುವುದಿಲ್ಲ. ಆದರೆ ಮಂದಗತಿಯವನಿಗೆ ಮರಗಳು ಕಾಣುತ್ತವೆ.

ಕಳೆದ ಫಾಲ್ಗುಣದಲ್ಲಿ ಉಸಿರು ಸುಧಾರಿಸಿಕೊಳ್ಳಲು ನಿಂತಾಗ, ಕೊಂಬೆಗಳ ಮೈಗೇ ಅಂಟಿದಂತೆ ಕಿತ್ತಳೆಬಣ್ಣದ ಹೂಗೊಂಚಲುಗಳನ್ನು ಹೊತ್ತ, ಅಷ್ಟೇನೂ ಎತ್ತರವಲ್ಲದ ಮರವೊಂದನ್ನು ಕಂಡೆನು. ಕೆಲವು ಗೊಂಚಲುಗಳು ಆಗಲೇ ಕೆಂಪೇರಿದ್ದುವು. ಎಳೆಯ ಎಲೆಗಳು ತಾಮ್ರವರ್ಣದಿಂದ ಜೋಲುತ್ತಿದ್ದುವು. ಹೆಸರಿನ ಫಲಕವನ್ನು ಓದಿದೆನು: ಅಶೋಕ.

ಸುಂದರಿಯ ಪಾದತಾಡನದಿಂದ ಅಶೋಕವು ಹೂಬಿಡುವುದೆಂಬ ಕವಿಸಮಯವನ್ನು 'ಮಾಳವಿಕಾಗ್ನಿಮಿತ್ರ'ವನ್ನು ಹಿಡಿದು ಮೂವತ್ತು ವರ್ಷ ಬೋಧಿಸಿದವನು ನಾನು. ಪಾಠಶಾಲೆಯ ಅಂಗಳದಲ್ಲಿ ಕಂಬದಂತೆ ನೆಟ್ಟಗೆ ಬೆಳೆದಿದ್ದ ಮರವನ್ನು ತೋರಿಸಿ, "ಇದೇ ಕಾಳಿದಾಸನ ಅಶೋಕ" ಎಂದೆನಲ್ಲ! ಜನರು ಅದನ್ನೂ ಅಶೋಕವೆನ್ನುವರು, ನಿಜ. ಆದರೆ ಅದು ಬೇರೆಯೇ ಜಾತಿ. ಅದರ ಹೂ ತಿಳಿಹಸುರು, ಎಲೆಗಳ ನಡುವೆ ಕಾಣುವುದೂ ಕಷ್ಟ. ಒಬ್ಬ ಹುಡುಗನು, "ಕೆಂಪು ಹೂ ಎಲ್ಲಿ, ಮೇಷ್ಟ್ರೇ?" ಎಂದು ಕೇಳಿದ್ದನು. ಅವನನ್ನು ಗದರಿಸಿ ಕುಳ್ಳಿರಿಸಿದೆನು. ಅವನ ಹೆಸರು ಈಗ ನೆನಪಿಗೆ ಬಾರದು.

ದಿನವೂ ಆ ಮರದ ಬಳಿ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಮೊಮ್ಮಗನು ಮುಂದಿನ ತಿರುವಿನಲ್ಲಿ ಕಾಯುತ್ತಿರುತ್ತಾನೆ.