ಕೆಮ್ಮು ಬಂದರೆ ಕಾಲು ಜೋಡಿಸುವವರು

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತೆಂದರೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ಆ ಕೊನೆಯ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಹಿಪ್ಪುನೇರಳೆಯ ಹೊರೆಗಳು ತೋಟದಿಂದ ಹೆಂಗಸರ ತಲೆಯ ಮೇಲೆ ಬರುತ್ತವೆ. ಹೆರಿಗೆಯಾಗಿ ಎರಡೇ ತಿಂಗಳಾಗಿದ್ದರೂ ಹುಳು ಕಾಯುವುದಿಲ್ಲ.

ಆ ಭಾರವನ್ನು ತಲೆಯೊಂದೇ ಹೊರುವುದಿಲ್ಲ. ಮುಂದಿನ ಕಿಬ್ಬೊಟ್ಟೆಯ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಜೋಲಿಯ ಸೀರೆಯಂತೆ ಹರಡಿದ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಅವುಗಳ ಆಸರೆಯಲ್ಲಿವೆ. ಹೆರಿಗೆಯಲ್ಲಿ ಹಿಗ್ಗಿದ ಜೋಲಿ ಮತ್ತೆ ಬಿಗಿಯಾಗದಿದ್ದರೆ ಕೆಮ್ಮಿದಾಗ, ನಕ್ಕಾಗ ಮೂತ್ರ ಹನಿಯುತ್ತದೆ; ಇನ್ನೂ ಸಡಿಲವಾದರೆ ಗರ್ಭಕೋಶವೇ ಕೆಳಕ್ಕೆ ಜಾರಬಹುದು.

ನಮ್ಮ ಚಿಕ್ಕಮ್ಮ ಮೊದಲು ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ಆಮೇಲೆ ಚಿಕ್ಕಬಳ್ಳಾಪುರದ ಬಸ್ಸು ಹತ್ತುವ ದಿನ ನೀರು ಕುಡಿಯುವುದನ್ನು ಬಿಟ್ಟರು. ಕೇಳಿದರೆ, "ಹೆತ್ತೋರಿಗೆಲ್ಲ ಇದ್ದಿದ್ದೇ ಕಣಮ್ಮ" ಅನ್ನುತ್ತಿದ್ದರು. ನನಗೆ ಮಗುವಾಗಿ ಅದೇ ತೊಂದರೆ ಶುರುವಾದಾಗ ಫಿಸಿಯೋಥೆರಪಿಸ್ಟ್ ಹೇಳಿದ್ದು ಇಷ್ಟು: "ಇದು ತುಂಬಾ ಜನಕ್ಕೆ ಬರುತ್ತೆ, ನಿಜ. ಹಾಗಂತ ಸಹಿಸ್ಕೊಂಡಿರಬೇಕು ಅಂತೇನಿಲ್ಲ."

ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವಂತೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಬೇಕು. ಉಸಿರು ಕಟ್ಟಬಾರದು. ಐದು ಎಣಿಸಿ ಪೂರ್ತಿ ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೂ ಮೂರು ತಿಂಗಳು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದರು. ಹಠಯೋಗ ಪ್ರದೀಪಿಕೆಯ ಮೂಲಬಂಧವೂ ಇದೇ ಜಾಗವನ್ನು ಬಿಗಿಯುವಂಥದ್ದು. ಯೋಗಿಗಳಿಗೆ ಗೊತ್ತಿದ್ದದ್ದು ಹುಳುಮನೆಯ ಹೆಂಗಸರಿಗೆ ತಲುಪಲಿಲ್ಲ. ಆ ಜಾಗದ ಹೆಸರು ಹೇಳಲೇ ನಮಗೆ ನಾಚಿಕೆ.

ಚಿಕ್ಕಮ್ಮನನ್ನು ಒಪ್ಪಿಸಿ ಕರೆದೊಯ್ದೆ. ಗರ್ಭಕೋಶ ಸ್ವಲ್ಪ ಜಾರಿತ್ತು. ಹೆಚ್ಚು ಜಾರಿದವರಿಗೆ ಒಳಗೆ ಇಡುವ ರಿಂಗು, ಆಪರೇಷನ್ ಇವೆ. ಇವರಿಗೆ ವ್ಯಾಯಾಮ ಸಾಕೆಂದರು. ನಾಲ್ಕು ತಿಂಗಳಲ್ಲಿ ಹನಿಯುವುದು ಬಹಳ ಕಡಿಮೆಯಾಯಿತು. ಜಾರಿದ್ದು ಪೂರ್ತಿ ಮೇಲೇರಿಲ್ಲ, ಆದರೆ ಕೂತಾಗಿನ ಆ ಭಾರ ಇಳಿದಿದೆ.

ಈಗ ಅವರ ಮನೆಯಲ್ಲಿ ಹೊರೆಯನ್ನು ಎರಡಾಗಿ ಕಟ್ಟುತ್ತಾರೆ. ಬಾಣಂತಿ ಸೊಸೆ ಸೊಪ್ಪಿಗೆ ಹೊರಟರೆ ಚಿಕ್ಕಮ್ಮ ತಡೆದು, ಗಂಡಸರಿಗೂ ಕೇಳುವಂತೆ ಹೇಳುತ್ತಾರೆ: "ನೀನು ಕೂತ್ಕೊಳ್ಳೇ. ಅವರು ಹೊರಲಿ."