ಮ್ಯಾಲಿಂದ ಆಗ್ಯಾದ್ರಿ

ಸಿಂಧನೂರು

ಭತ್ತದ ನಾಟಿ ಹತ್ತಿರ ಬಂದರೆ ಇಲ್ಲಿನ ಚಹಾದಂಗಡಿಗಳಲ್ಲಿ ಒಂದೇ ವಿಚಾರ: ಐಸಿಸಿ ಸಭೆ ಯಾವಾಗ? ತುಂಗಭದ್ರಾ ನೀರಾವರಿ ಸಲಹಾ ಸಮಿತಿ ಕೂತು, ಎಡದಂಡೆ ನಾಲೆಗೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಷ್ಟು ಕ್ಯುಸೆಕ್ ಎಂದು ತೀರ್ಮಾನಿಸುತ್ತದೆ. ಕೆಳಭಾಗಕ್ಕೆ ನೀರು ಮುಟ್ಟದಿದ್ದರೆ ಯಾರ ಕಚೇರಿ ಮುಂದೆ ಕೂರಬೇಕೆಂದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅದೇ ರೈತ ಪಕ್ಕದ ಆನ್‌ಲೈನ್ ಸೆಂಟರಿನಲ್ಲಿ ನಿಂತಿದ್ದಾನೆ. ಪರದೆಯಲ್ಲಿ ಹೊಸದೊಂದು ಖಾನೆ ಬಂದಿದೆ. ತುಂಬದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಅದರಲ್ಲಿ ಏನು ತುಂಬಬೇಕೆಂದು ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೂ ತಿಳಿಯದು.

‘ನಿನ್ನೆ ಹಿಂಗ ಇರಲಿಲ್ಲಲ್ಲಪಾ?’

‘ಮ್ಯಾಲಿಂದ ಆಗ್ಯಾದ್ರಿ ಕಾಕಾ.’

‘ಮ್ಯಾಲಂದ್ರ ಯಾರು?’

ಹುಡುಗ ಬೆರಳು ಮೇಲೆ ತೋರಿಸಿದ. ಅಲ್ಲಿ ಫ್ಯಾನು ತಿರುಗುತ್ತಿತ್ತು.

ಐಟಿ ಕಂಪನಿಗಳಲ್ಲೂ ಐಸಿಸಿಯಂಥದ್ದೊಂದು ಇರುತ್ತದೆ: ಚೇಂಜ್ ಅಡ್ವೈಸರಿ ಬೋರ್ಡ್. ಇದು ಐಟಿಐಎಲ್ ಎಂಬ ಪದ್ಧತಿಯ ಭಾಗ; ಆ ಪದ್ಧತಿಯ ಪುಸ್ತಕಗಳನ್ನು ಬ್ರಿಟಿಷ್ ಸರ್ಕಾರದ ಕಂಪ್ಯೂಟರ್ ವಿಭಾಗ 1980ರ ದಶಕದ ಕೊನೆಯಲ್ಲಿ ಬರೆಸತೊಡಗಿತು. ಬದಲಾವಣೆ ಬೇಡುವವರು ಒಬ್ಬರು, ಪರೀಕ್ಷಿಸುವವರು ಇನ್ನೊಬ್ಬರು, ಒಪ್ಪಿಗೆ ಕೊಡುವವರು ಮತ್ತೊಬ್ಬರು, ಜಾರಿ ಮಾಡುವವರು ಬೇರೆ. ಕೆಟ್ಟರೆ ಹಳೆಯದಕ್ಕೆ ಮರಳುವ ದಾರಿ ಮೊದಲೇ ಬರೆದಿರಬೇಕು. ಇಷ್ಟು ಜನರಲ್ಲಿ ಈ ಹುಡುಗನಿಗೆ ಸುದ್ದಿ ಮುಟ್ಟಿಸುವ ಕೆಲಸ ಯಾರದು? ಅದನ್ನು ನೋಡಬೇಕು.

ಲಿಂಗಸುಗೂರು

ಪಹಣಿಯಲ್ಲಿ ಹೆಸರು ಬದಲಾಗುವ ಬಗೆಯನ್ನು ಸಾಲಾಗಿ ಬರೆದುಕೊಂಡೆ.

ಜಮೀನಿನ ತುಂಡು ಮಾರುವುದಾದರೆ ಮೊದಲು ಸರ್ವೆಯವರ 11ಇ ನಕ್ಷೆ. ನೋಂದಣಿ ಮುಗಿದ ಮೇಲೆ ಉಪನೋಂದಣಿ ಕಚೇರಿಯಿಂದ ಭೂಮಿ ತಂತ್ರಾಂಶಕ್ಕೆ ಜೆ-ಸ್ಲಿಪ್ ಎಂಬ ಮಾಹಿತಿ ಚೀಟಿ. ಅಲ್ಲಿಂದ ನೋಟಿಸು, ಅದನ್ನು ಊರಿಗೆ ಒಯ್ಯುವವರು ಗ್ರಾಮ ಲೆಕ್ಕಿಗರು, ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತಾಧಿಕಾರಿ. ತಕರಾರಿಗೆ ಕಾಲಾವಕಾಶ, ಭೂಮಿ ಶುರುವಾದಾಗ ಅದು 30 ದಿನ. ತಕರಾರು ಬಂತೋ, ಬೇರೆ ರಿಜಿಸ್ಟರು, ಬೇರೆ ವಿಚಾರಣೆ. ಬರಲಿಲ್ಲವೋ, ಕಂದಾಯ ನಿರೀಕ್ಷಕರ ಆದೇಶ. ಮೊದಲು ಬಂದ ಅರ್ಜಿ ಮೊದಲು, ನಡುವೆ ನುಗ್ಗಿಸುವಂತಿಲ್ಲ. ಕಂಪ್ಯೂಟರಿಗೆ ಏರಿಸುವವರ ಬೆರಳಚ್ಚು ದಾಖಲೆಯಲ್ಲಿ ಉಳಿಯುತ್ತದೆ. ನಾಳೆ ‘ನಾನಲ್ಲ’ ಎನ್ನಲು ಬರುವುದಿಲ್ಲ.

ಇದಕ್ಕಿಂತ ಅಚ್ಚುಕಟ್ಟಾದ ಬದಲಾವಣೆ ನಿರ್ವಹಣೆ ಇನ್ನೇನಿದೆ? 1964ರ ಭೂಕಂದಾಯ ಕಾಯ್ದೆಯ ಕ್ರಮವನ್ನೇ 2000ದ ಸುಮಾರಿಗೆ ಭೂಮಿ ಯೋಜನೆ ಕಂಪ್ಯೂಟರಿಗೆ ಹೊಂದಿಸಿತು. ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಪರದೆಗೆ ಬಂದವು.

ನನಗೆ ಬಗೆಹರಿಯದ್ದು ಒಂದೇ. ಎರಡು ಗುಂಟೆಯ ಹೆಸರು ಬದಲಿಗೆ ನೋಟಿಸು ಉಂಟು, ತಕರಾರಿನ ಅವಕಾಶ ಉಂಟು, ಬೆರಳಚ್ಚು ಉಂಟು. ಆ ಎರಡು ಗುಂಟೆಯನ್ನು ತೋರಿಸುವ ತಂತ್ರಾಂಶವೇ ಬದಲಾದರೆ ಕೌಂಟರಿನ ಈಚೆಗೆ ನಿಂತವನಿಗೆ ಏನುಂಟು?

ಮಸ್ಕಿ

ಮಸ್ಕಿಯ ಹೆಸರು ಬಂದರೆ ಓದಿದವರು 1915ರಲ್ಲಿ ಸಿಕ್ಕ ಅಶೋಕನ ಶಾಸನದ ಮಾತೆತ್ತುತ್ತಾರೆ. ನನ್ನ ತಲೆಯಲ್ಲಿ ಇರುವುದು ತಾಲ್ಲೂಕು ಮಸ್ಕಿ. ರಾಜ್ಯದ 2017-18ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ಅಲ್ಲಿಯತನಕ ಮಸ್ಕಿ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿಗೆ ಸೇರಿದ ಬಳಗಾನೂರು ಸಿಂಧನೂರು ತಾಲ್ಲೂಕಿನಲ್ಲಿತ್ತು.

ಗೆಜೆಟ್‌ನಲ್ಲಿ ಇದು ಒಂದು ಅಧಿಸೂಚನೆ. ಕಂಪ್ಯೂಟರಿನಲ್ಲಿ? ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಬೆಳೆ ವಿಮೆ, ಬ್ಯಾಂಕಿನ ಬೆಳೆಸಾಲ: ಒಂದೊಂದಕ್ಕೂ ತಾಲ್ಲೂಕು ಆರಿಸುವ ಪಟ್ಟಿ ಬೇರೆ, ಆ ಪಟ್ಟಿಯ ಯಜಮಾನರೂ ಬೇರೆ. ಒಂದರಲ್ಲಿ ಊರು ಹೊಸ ತಾಲ್ಲೂಕಿಗೆ ಬಂದು, ಇನ್ನೊಂದರಲ್ಲಿ ಹಳೆಯದರಲ್ಲೇ ಉಳಿದರೆ ರೈತ ಯಾವುದನ್ನು ಒತ್ತಬೇಕು?

ಪ್ರಶ್ನೆಗಳು ಇನ್ನೂ ಇವೆ. ಹಳೆ ತಾಲ್ಲೂಕಿನ ಸರದಿಯಲ್ಲಿ ನಿಂತ ಮ್ಯುಟೇಶನ್, ಅಂದರೆ ಹೆಸರು ಬದಲಾವಣೆಯ ಅರ್ಜಿ ಹೊಸ ತಾಲ್ಲೂಕಿಗೆ ಹೋದರೆ ತನ್ನ ಜಾಗ ಉಳಿಸಿಕೊಳ್ಳುತ್ತದೋ, ಕೊನೆಗೆ ಹೋಗಿ ನಿಲ್ಲುತ್ತದೋ? ಹಳೆ ಅಧಿಕಾರಿಯ ಲಾಗಿನ್ ಮುಚ್ಚಿದ ಮೇಲೆ ಹೊಸಬರ ಲಾಗಿನ್ ತೆರೆಯುವವರೆಗೆ ಆ ಊರಿಗೆ ಯಾರು ದಿಕ್ಕು? ಇವು ಎಂಜಿನಿಯರಿಗೆ ತಾನಾಗಿ ಹೊಳೆಯುವ ಪ್ರಶ್ನೆಗಳಲ್ಲ. ಕೌಂಟರಿನಲ್ಲಿ ಕೂತವರನ್ನು ಮುಂಚೆಯೇ ಕೂರಿಸಿಕೊಂಡು ಕೇಳಿದರೆ ಒಂದು ಮಧ್ಯಾಹ್ನದಲ್ಲಿ ಎಲ್ಲವೂ ಹೊರಬೀಳುತ್ತವೆ.

ದೂರದ ಒಂದು ಟಿಪ್ಪಣಿ

2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ತನ್ನ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಲು ಹೋದಾಗ ಲಕ್ಷಗಟ್ಟಲೆ ಜನರಿಗೆ ಖಾತೆಯೇ ತೆರೆಯದಂತಾಯಿತು. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು. ನಾನು ಕೆಳಗೆ ಗೆರೆ ಎಳೆದದ್ದು 2023ರ ಏಪ್ರಿಲ್ ಸುದ್ದಿಗೆ: ಬ್ಯಾಂಕಿನ ಮಾಜಿ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ. ಕೆಲಸ ಹೊತ್ತ ಹೊರಗಿನ ಸಂಸ್ಥೆ ‘ನಾವು ಸಿದ್ಧ’ ಎಂದದ್ದನ್ನು ಸಾಕಷ್ಟು ಒರೆಗೆ ಹಚ್ಚಲಿಲ್ಲ ಎಂಬುದು ಆರೋಪದ ತಿರುಳು. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಉತ್ತರ ಹೇಳುವುದನ್ನು ಕೊಡಲಾಗದು.

ಯಾರ ಹೊಣೆ ಏನೆಂದು ಬರೆದಿಡುವ ಐಟಿಯವರ ಪಟ್ಟಿಯಲ್ಲೂ ಇದೇ ನಿಯಮ. ಮಾಡುವವರು ಹತ್ತು ಜನ ಇರಲಿ, ಉತ್ತರ ಹೇಳುವವರು ಒಬ್ಬರೇ. ಅದರ ಪಕ್ಕದಲ್ಲಿ ಇನ್ನೆರಡು ಕಾಲಂ: ಯಾರನ್ನು ಕೇಳಬೇಕು, ಯಾರಿಗೆ ತಿಳಿಸಬೇಕು. ಸೆಂಟರಿನ ಹುಡುಗ ಸದ್ಯಕ್ಕೆ ಎರಡರಲ್ಲೂ ಇದ್ದಂತೆ ಕಾಣಲಿಲ್ಲ. ದೊಡ್ಡ ಸಮಿತಿಯೇನೂ ಬೇಡ. ಬದಲಾವಣೆಯ ಹಿಂದಿನ ದಿನ ಕೌಂಟರಿಗೆ ನಾಲ್ಕು ಸಾಲು ಬಂದರೆ ಸಾಕು: ಏನು ಬದಲಾಗುತ್ತದೆ, ಎಂದಿನಿಂದ, ಹಳೆ ಅರ್ಜಿಗಳ ಗತಿಯೇನು, ಕೆಟ್ಟರೆ ಯಾರಿಗೆ ಫೋನು. ನಾಲ್ಕನೆಯ ಸಾಲಿನಲ್ಲಿ ಸಹಾಯವಾಣಿಯ ನಂಬರಿನ ಜೊತೆ ಒಂದು ಹುದ್ದೆಯ ಹೆಸರೂ ಇರಲಿ. ತಕರಾರು ಬರೆಯುವವನಿಗೆ ವಿಳಾಸ ಬೇಕು.